ಕನ್ಸೋಲ್ ಮಾರಿಸುವುದು ಆಟವೋ, ಆಟಿಕೆಯೋ?

2017ರ ಮಾರ್ಚ್ 3ರಂದು ಜಪಾನಿನ ನಿಂಟೆಂಡೊ ಕಂಪನಿ ‘ಸ್ವಿಚ್’ ಎಂಬ ಹೊಸ ಗೇಮ್ ಕನ್ಸೋಲನ್ನು ಮಾರುಕಟ್ಟೆಗೆ ಬಿಟ್ಟಿತು. ತಿಂಗಳು ಮುಗಿಯುವಷ್ಟರಲ್ಲಿ ಅಮೆರಿಕವೊಂದರಲ್ಲೇ 9,06,000 ಸ್ವಿಚ್‌ಗಳು ಖರ್ಚಾಗಿದ್ದವು. ಅದರ ಜೊತೆಗೇ ಬಂದ ಜೆಲ್ಡಾ ಸರಣಿಯ ‘ಬ್ರೆತ್ ಆಫ್ ದ ವೈಲ್ಡ್’ ಗೇಮಿನ ಲೆಕ್ಕ ಇನ್ನೂ ಸೋಜಿಗದ್ದು. ಸ್ವಿಚ್‌ಗೆಂದೇ ತಯಾರಾದ ಪ್ರತಿಗಳು 9,25,000 ದಾಟಿದ್ದವು. ಯಂತ್ರಕ್ಕಿಂತ ಅದರಲ್ಲಿ ಆಡುವ ಆಟವೇ ಹೆಚ್ಚು! ಕಪಾಟಿನಲ್ಲಿಡಲು ಒಂದು ವಿಶೇಷ ಆವೃತ್ತಿ, ಆಡಲು ಒಂದು ಸಾದಾ ಪ್ರತಿ ಎಂದು ಕೆಲವರು ಎರಡೆರಡು ಕೊಂಡಿರಬಹುದು ಎಂದು ಕಂಪನಿಯೇ ವಿವರಣೆ ಕೊಟ್ಟಿತು.

ಇದನ್ನು ನೋಡಿ, ಒಳ್ಳೆಯ ಗೇಮ್ ಇದ್ದರೆ ಸಾಕು, ಕನ್ಸೋಲ್ ತಾನಾಗಿಯೇ ಹೋಗುತ್ತದೆ ಎಂದುಬಿಡಬಹುದು. ಆದರೆ ಇದೇ ನಿಂಟೆಂಡೊ ಅದಕ್ಕೂ ಹತ್ತು ವರ್ಷ ಮುಂಚೆ ಜನರ ಕೈಗೆ ಬಿಳಿ ರಿಮೋಟೊಂದನ್ನು ಕೊಟ್ಟು 10 ಕೋಟಿಗೂ ಹೆಚ್ಚು ಕನ್ಸೋಲ್ ಮಾರಿತ್ತು. ಮೈಕ್ರೋಸಾಫ್ಟ್ ಒಂದು ಕ್ಯಾಮೆರಾ ಮಾರಿ ಗಿನ್ನೆಸ್ ದಾಖಲೆ ಸೇರಿತ್ತು. ಹಾಗಾದರೆ ಅಂಗಡಿಗೆ ಬಂದ ಗಿರಾಕಿ ಜೇಬಿಗೆ ಕೈ ಹಾಕುವುದು ಯಾವುದನ್ನು ನೋಡಿ? ಪರದೆಯ ಮೇಲಿನ ಆಟವನ್ನೋ, ಡಬ್ಬಿಯ ಜೊತೆ ಬರುವ ಆಟಿಕೆಯನ್ನೋ?

ಮೊದಲು ಈ ವ್ಯಾಪಾರದ ಒಳಲೆಕ್ಕ ತಿಳಿದಿರಬೇಕು. ಕನ್ಸೋಲಿನಲ್ಲಿ ಕಂಪನಿಗೆ ಹೆಚ್ಚೇನೂ ಗಿಟ್ಟುವುದಿಲ್ಲ. ಎಷ್ಟೋ ಸಲ ಕೈಯಿಂದಲೇ ಹೋಗುತ್ತದೆ. 2006ರಲ್ಲಿ ಸೋನಿಯ ಪ್ಲೇಸ್ಟೇಷನ್ 3 ಬಂದಾಗ ಐಸಪ್ಲೈ ಎಂಬ ಸಂಸ್ಥೆ ಅದನ್ನು ಬಿಚ್ಚಿ ನೋಡಿ, ಒಳಗಿನ ಬಿಡಿಭಾಗಗಳಿಗೂ ಜೋಡಣೆಗೂ ಸೇರಿ 800 ಡಾಲರಿಗಿಂತ ಹೆಚ್ಚು ತಗಲುತ್ತದೆ ಎಂದು ಅಂದಾಜು ಮಾಡಿತು. ಅಂಗಡಿಯಲ್ಲಿ ಅದರ ದುಬಾರಿ ಮಾದರಿಯ ಬೆಲೆಯೇ 599 ಡಾಲರ್ ಇತ್ತು. 2021ರಲ್ಲಿ ಎಪಿಕ್ ಮತ್ತು ಆಪಲ್ ಕಂಪನಿಗಳ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದ ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ಕಂಪನಿ ಎಂದೂ ಲಾಭ ಕಂಡಿಲ್ಲ ಎಂದರು. ಅಗ್ಗಕ್ಕೆ ಪ್ರಿಂಟರ್ ಕೊಟ್ಟು ಇಂಕ್‌ನಲ್ಲಿ ದುಡ್ಡು ಎತ್ತುವ ವ್ಯಾಪಾರದಂತೆಯೇ ಇದೂ. ದುಡ್ಡು ಹುಟ್ಟುವುದು ಗೇಮ್‌ಗಳಲ್ಲಿ. ಬೇರೆಯವರು ಮಾಡಿದ ಗೇಮ್ ಮಾರಾಟವಾದರೂ ಕನ್ಸೋಲ್ ಕಂಪನಿಗೆ ಪಾಲು ಸಲ್ಲಬೇಕು. ಆನ್‌ಲೈನ್ ಸ್ಟೋರಿನಲ್ಲಿ ಅದು ಸಾಮಾನ್ಯವಾಗಿ ಶೇ 30.

ಇನ್ನೊಂದು ಆದಾಯ ಪರಿಕರಗಳದ್ದು. ಎರಡನೆಯ ಕಂಟ್ರೋಲರ್, ಹೆಡ್‌ಸೆಟ್, ಸ್ಟೀರಿಂಗ್ ವ್ಹೀಲ್, ಚಾರ್ಜರ್ ಸ್ಟ್ಯಾಂಡ್. 2021ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಯಂತ್ರಕ್ಕೆ 49,990 ರೂಪಾಯಿ, ದೊಡ್ಡ ಗೇಮೊಂದಕ್ಕೆ 4,999 ರೂಪಾಯಿ, ಹೆಚ್ಚುವರಿ ಕಂಟ್ರೋಲರಿಗೆ 5,990 ರೂಪಾಯಿ. ತಮ್ಮನೂ ಜೊತೆಗೆ ಆಡಬೇಕೆಂದರೆ ಒಂದು ಗೇಮಿಗಿಂತ ಜಾಸ್ತಿ ಖರ್ಚು! ಆದರೆ ಇದೆಲ್ಲ ಮನೆಗೆ ಯಂತ್ರ ಬಂದ ಮೇಲಿನ ಮಾತು. ಯಂತ್ರವನ್ನೇ ಮನೆಗೆ ತರಿಸುವ ಶಕ್ತಿ ಯಾವುದಕ್ಕಿದೆ ಎಂಬುದು ಬೇರೆ ಪ್ರಶ್ನೆ.

ಅದಕ್ಕೆ ಮೊದಲ ಖಚಿತ ಉತ್ತರ ಸಿಕ್ಕಿದ್ದು 1980ರಲ್ಲಿ. ಅಟಾರಿ ಕಂಪನಿಯ ಕನ್ಸೋಲ್ 1977ರಿಂದಲೇ ಅಮೆರಿಕದ ಅಂಗಡಿಗಳಲ್ಲಿತ್ತು, ವ್ಯಾಪಾರ ಸುಮಾರಾಗಿತ್ತು. ಆಗ ಆರ್ಕೇಡುಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ‘ಸ್ಪೇಸ್ ಇನ್‌ವೇಡರ್ಸ್’ ಆಟವನ್ನು ಜಪಾನಿನ ಟೈಟೊ ಕಂಪನಿಯಿಂದ ಪರವಾನಗಿ ಪಡೆದು ಅಟಾರಿ ಮನೆಯ ಟಿವಿಗೆ ತಂದಿತು. ಕನ್ಸೋಲಿನ ಮಾರಾಟ ನಾಲ್ಕು ಪಟ್ಟು ಏರಿತು. ಯಂತ್ರ ಅದೇ, ಜಾಯ್‌ಸ್ಟಿಕ್ ಅದೇ. ಹೊಸದಾಗಿ ಬಂದದ್ದು ಸಾಲುಗಟ್ಟಿ ಇಳಿಯುವ ಅನ್ಯಗ್ರಹದ ಜೀವಿಗಳು ಮಾತ್ರ. ಎರಡು ವರ್ಷದ ನಂತರ ಅದೇ ಅಟಾರಿ ‘ಇ.ಟಿ.’ ಸಿನಿಮಾದ ಹೆಸರಲ್ಲಿ ಅವಸರದಲ್ಲಿ ತಯಾರಿಸಿದ ಗೇಮ್ ಎಷ್ಟು ಕಳಪೆಯಾಗಿತ್ತೆಂದರೆ, ಮಾರಾಟವಾಗದ ಕಾರ್ಟ್ರಿಡ್ಜ್‌ಗಳನ್ನು ನ್ಯೂ ಮೆಕ್ಸಿಕೊದ ಅಲಮೊಗೋರ್ಡೊದಲ್ಲಿ ಗುಂಡಿ ತೋಡಿ ಹೂತರು. 1983ರ ಹೊತ್ತಿಗೆ ಅಮೆರಿಕದ ಗೇಮ್ ಮಾರುಕಟ್ಟೆಯೇ ನೆಲಕಚ್ಚಿತು. ಆಟಕ್ಕೆ ಯಂತ್ರವನ್ನು ಎತ್ತುವ ಶಕ್ತಿ ಇದ್ದಂತೆ, ಬೀಳಿಸುವ ಶಕ್ತಿಯೂ ಇತ್ತು.

ಇಲ್ಲಿಂದ ಮುಂದೆ ಪರಿಕರದ ಕಥೆ ಶುರುವಾಗುತ್ತದೆ. ಅದರ ಮೊದಲ ನಾಯಕ ಒಂದು ಪ್ಲಾಸ್ಟಿಕ್ ರೋಬೋಟ್.

ಕೈಸುಟ್ಟುಕೊಂಡಿದ್ದ ಅಮೆರಿಕದ ಅಂಗಡಿಯವರು ವಿಡಿಯೊ ಗೇಮ್ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು. 1985ರ ಕೊನೆಯಲ್ಲಿ ನಿಂಟೆಂಡೊ ನ್ಯೂಯಾರ್ಕಿನಲ್ಲಿ ತನ್ನ ಎನ್‌ಇಎಸ್ ಯಂತ್ರವನ್ನು ಪರೀಕ್ಷೆಗೆ ಬಿಟ್ಟಾಗ ಅದನ್ನು ಗೇಮ್ ಎನ್ನಲೇ ಇಲ್ಲ, ‘ಎಂಟರ್‌ಟೇನ್‌ಮೆಂಟ್ ಸಿಸ್ಟಂ’ ಎಂದಿತು. ಕಾರ್ಟ್ರಿಡ್ಜನ್ನು ವಿಸಿಆರ್‌ನಂತೆ ಮುಂಭಾಗದಿಂದ ತೂರಿಸುವ ಹಾಗೆ ಮಾಡಿತು. ಜೊತೆಗೆ ‘ಜ್ಯಾಪರ್’ ಎಂಬ ಬಂದೂಕು, ‘ಆರ್‌ಒಬಿ’ ಎಂಬ ಬೂದುಬಣ್ಣದ ರೋಬೋಟ್ ಕೊಟ್ಟಿತು. ಗುನ್ಪೆ ಯೊಕೊಯ್ ವಿನ್ಯಾಸ ಮಾಡಿದ ಆ ರೋಬೋಟಿನ ಕೆಲಸ ನೋಡಲು ಮಜವಾಗಿತ್ತು. ಟಿವಿ ಪರದೆ ಮಿನುಗಿದಾಗ ಅದರ ಕಣ್ಣಿನಲ್ಲಿದ್ದ ಸೆನ್ಸರ್ ಆ ಸಂಕೇತವನ್ನು ಓದುತ್ತಿತ್ತು. ಆಮೇಲೆ ಗೊರಗೊರ ಎನ್ನುತ್ತಾ ಸೊಂಟ ತಿರುಗಿಸಿ, ಎರಡೂ ಕೈಗಳಿಂದ ಒಂದು ಬುಗುರಿ ಎತ್ತಿ, ತಿರುಗಿಸುವ ಯಂತ್ರದ ಮೇಲಿಟ್ಟು, ರಭಸದಿಂದ ಸುತ್ತುತ್ತಿರುವ ಆ ಬುಗುರಿಯನ್ನು ತಂದು ಕೆಂಪು ಅಥವಾ ನೀಲಿ ತಟ್ಟೆಯ ಮೇಲೆ ಇಳಿಸುತ್ತಿತ್ತು. ತಟ್ಟೆ ತಗ್ಗಿದರೆ ಅದರಡಿಯ ಸನ್ನೆ ಎರಡನೆಯ ಕಂಟ್ರೋಲರಿನ ಬಟನ್ ಒತ್ತುತ್ತಿತ್ತು. ಪರದೆಯಲ್ಲಿ ಒಂದು ಬಾಗಿಲು ತೆರೆಯುತ್ತಿತ್ತು. ಒಂದು ಬಟನ್ ಒತ್ತಲು ಇಷ್ಟೆಲ್ಲ ಉಪದ್ವ್ಯಾಪ! ಕೈಬೆರಳಿನಿಂದ ಒತ್ತಿದ್ದರೆ ಅರೆಕ್ಷಣದ ಕೆಲಸ.

ಆ ರೋಬೋಟಿಗೆ ಬಂದ ಗೇಮ್‌ಗಳು ‘ಜೈರೊಮೈಟ್’ ಮತ್ತು ‘ಸ್ಟ್ಯಾಕ್-ಅಪ್’, ಎರಡೇ ಎರಡು. ಮೂರನೆಯದು ಬರಲೇ ಇಲ್ಲ. ಆದರೂ ಅದು ಬಂದ ಕೆಲಸ ಮುಗಿಸಿತ್ತು. ವಿಡಿಯೊ ಗೇಮ್ ಬೇಡವೆಂದ ಅಂಗಡಿಯವರಿಗೆ ಇದು ಆಟಿಕೆಯ ಹಾಗೆ ಕಂಡಿತು. ಮಾರಾಟವಾಗದ ಸರಕನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂಬ ಕಂಪನಿಯ ಮಾತೂ ಸೇರಿ ಯಂತ್ರಕ್ಕೆ ಕಪಾಟಿನಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ಮುಂದಿನ ದೂರ ಓಡಿದ್ದು ಮೀಸೆಯ ಕೊಳಾಯಿ ರಿಪೇರಿಯವ ಮಾರಿಯೊ. ‘ಸೂಪರ್ ಮಾರಿಯೊ ಬ್ರದರ್ಸ್’ 4 ಕೋಟಿ ಪ್ರತಿ ಹೋಯಿತು, ಎನ್‌ಇಎಸ್ ಜಗತ್ತಿನಾದ್ಯಂತ ಸುಮಾರು 6.19 ಕೋಟಿ ಮಾರಾಟವಾಯಿತು. ರೋಬೋಟ್ ಒಲಿಸಿಕೊಂಡದ್ದು ಅಂಗಡಿಯವನನ್ನು. ಗಿರಾಕಿಯನ್ನು ಒಲಿಸಿಕೊಂಡವ ಮಾರಿಯೊ.

ಜ್ಯಾಪರ್ ಬಂದೂಕಿನ ಸಂತಾನ ಕರ್ನಾಟಕಕ್ಕೂ ಬಂತು, ಕಳ್ಳದಾರಿಯಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ‘ಟಿವಿ ಗೇಮ್’ಗಳಲ್ಲಿ ಬಹುಪಾಲು ನಿಂಟೆಂಡೊ ಯಂತ್ರದ ನಕಲುಗಳು. ಎರಡು ಕಂಟ್ರೋಲರ್, ಒಂದು ಬಂದೂಕು, ಮೇಲೆ ‘9999 ಗೇಮ್ಸ್’ ಎಂದು ಬರೆದು ಒಳಗೆ ಹಿಡಿಯಷ್ಟು ಆಟಗಳನ್ನೇ ತಿರುಗಿಸಿ ಮುರುಗಿಸಿ ತುಂಬಿದ ಕ್ಯಾಸೆಟ್. ‘ಮಾರಿಯೊ’, ‘ಕಾಂಟ್ರಾ’, ಬಾತುಕೋಳಿ ಹೊಡೆಯುವ ‘ಡಕ್ ಹಂಟ್’. ನಿಂಟೆಂಡೊ ಎಂಬ ಹೆಸರನ್ನೇ ಕೇಳದವರೂ ಮಾರಿಯೊವನ್ನು ಬಲ್ಲರು. ಆ ಬಂದೂಕಿನಿಂದ ಏನೂ ಹೊರಗೆ ಹೋಗುತ್ತಿರಲಿಲ್ಲ. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತಿತ್ತು. ಕೊಳವೆಯೊಳಗಿನ ಸೆನ್ಸರಿಗೆ ಆ ಬೆಳಕು ಕಂಡರೆ ಗುರಿ ತಾಗಿದಂತೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ವೇಗಕ್ಕೆ ಹೊಂದಿಸಿ ಮಾಡಿದ ಲೆಕ್ಕಾಚಾರವಾದ್ದರಿಂದ ಇಂದಿನ ಎಲ್‌ಇಡಿ ಟಿವಿಯ ಮುಂದೆ ಅದೇ ಬಂದೂಕು ಹಿಡಿದರೆ ಒಂದು ಬಾತುಕೋಳಿಯೂ ಬೀಳದು. ಮಾರಿಯೊ ಮಾತ್ರ ಇಂದಿನ ಟಿವಿಯಲ್ಲೂ ಹಾರುತ್ತಾನೆ.

ಆಮೇಲಿನ ವರ್ಷಗಳಲ್ಲಿ ಪರಿಕರಗಳ ಮಹಾಪೂರವೇ ಬಂತು, ಮುಕ್ಕಾಲುಪಾಲು ಮುಳುಗಿತು. 1989ರಲ್ಲಿ ಮಟೆಲ್ ತಂದ ‘ಪವರ್ ಗ್ಲವ್’ ಕೈಗವಸು ಸಿನಿಮಾದಲ್ಲೂ ಮಿಂಚಿತು, ಆಡಲು ಕುಳಿತರೆ ಹೇಳಿದ ಮಾತು ಕೇಳುತ್ತಿರಲಿಲ್ಲ. 1994ರಲ್ಲಿ ಸೆಗಾ ತನ್ನ ಹಳೆಯ ಕನ್ಸೋಲಿನ ನೆತ್ತಿಗೆ ಸಿಕ್ಕಿಸುವ ‘32ಎಕ್ಸ್’ ಮಾರಿ, ಆರೇ ತಿಂಗಳಲ್ಲಿ ‘ಸ್ಯಾಟರ್ನ್’ ಎಂಬ ಹೊಚ್ಚ ಹೊಸ ಯಂತ್ರವನ್ನು ಅಮೆರಿಕಕ್ಕೆ ತಂದಿತು. ಮೊದಲನೆಯದನ್ನು ಕೊಂಡವರಿಗೆ ಹೇಗಾಗಿರಬೇಡ!

ಇವೆಲ್ಲ ಸೋತದ್ದಕ್ಕೆ ಮೂಲದಲ್ಲೊಂದು ಗಣಿತವಿದೆ. ಪ್ರತ್ಯೇಕವಾಗಿ ಮಾರುವ ಪರಿಕರವನ್ನು ಕೊಳ್ಳಬಲ್ಲವರು ಈಗಾಗಲೇ ಕನ್ಸೋಲ್ ಇರುವವರು ಮಾತ್ರ, ಅವರಲ್ಲೂ ಕೆಲವರು. ಗೇಮ್ ತಯಾರಿಸುವವನು ಯೋಚಿಸುತ್ತಾನೆ: ಎಲ್ಲರ ಬಳಿಯೂ ಇರುವ ಸಾದಾ ಕಂಟ್ರೋಲರಿಗೆ ಆಟ ಬರೆಯಲೇ, ಹತ್ತಿಪ್ಪತ್ತರಲ್ಲಿ ಒಬ್ಬನ ಬಳಿ ಇರುವ ಪರಿಕರಕ್ಕೋ? ಉತ್ತರ ಗೊತ್ತೇ ಇದೆ. ಗೇಮ್ ಬರದಿದ್ದರೆ ಪರಿಕರ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲದಿದ್ದರೆ ಗೇಮ್ ಬರುವುದಿಲ್ಲ. 2023ರಲ್ಲಿ ಸೋನಿ ಬಿಟ್ಟ ವಿಆರ್ ಕನ್ನಡಕ ‘ಪಿಎಸ್‌ವಿಆರ್2’ರ ಬೆಲೆ ಆಗ 549.99 ಡಾಲರ್ ಇತ್ತು, ಅದನ್ನು ಸಿಕ್ಕಿಸಬೇಕಾದ ಪ್ಲೇಸ್ಟೇಷನ್ 5 ಅಮೆರಿಕದಲ್ಲಿ 499.99 ಡಾಲರಿಗೆ ಸಿಗುತ್ತಿತ್ತು.

ಈ ಸುಳಿಯಿಂದ ಪಾರಾಗುವ ದಾರಿಯೊಂದಿದೆ: ಪರಿಕರ ಬೇಕೇ ಬೇಕು ಎನಿಸುವ ಗೇಮ್. ಗೇಮ್ ಬಾಯ್ ಎಂಬ ಅಂಗೈ ಯಂತ್ರಕ್ಕೆ 1989ರಿಂದಲೂ ‘ಲಿಂಕ್ ಕೇಬಲ್’ ಎಂಬ ಸಣ್ಣ ತಂತಿ ಇತ್ತು. ಇಬ್ಬರು ತಮ್ಮ ಯಂತ್ರಗಳನ್ನು ಜೋಡಿಸಿ ಸ್ಪರ್ಧೆಗಿಳಿಯಲು. ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿಯುತ್ತಿದ್ದ ಸತೋಶಿ ತಜಿರಿ ಎಂಬಾತನಿಗೆ ಆ ತಂತಿಯಲ್ಲಿ ಬೇರೇನೋ ಕಂಡಿತು. ಹುಳುವೊಂದು ಅದರೊಳಗೆ ತೆವಳುತ್ತಾ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದರೆ? 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಬಂದ ‘ಪೋಕೆಮಾನ್’ ಆ ಯೋಚನೆಯಿಂದ ಹುಟ್ಟಿತು. ಕೆಂಪು, ಹಸಿರು ಎಂದು ಎರಡು ಆವೃತ್ತಿ. ಕೆಲವು ಜೀವಿಗಳು ಒಂದರಲ್ಲಿ ಮಾತ್ರ ಸಿಗುತ್ತವೆ. ‘ಕಡಾಬ್ರ’ ಎಂಬ ಪೋಕೆಮಾನ್ ಎಷ್ಟು ಹೋರಾಡಿದರೂ ‘ಅಲಕಜಾಮ್’ ಆಗುವುದಿಲ್ಲ, ಗೆಳೆಯನ ಯಂತ್ರಕ್ಕೆ ತಂತಿಯ ಮೂಲಕ ದಾಟಿಸಿದರೆ ಮಾತ್ರ ರೂಪ ಬದಲಿಸುತ್ತದೆ. ಆ ಹೊತ್ತಿಗೆ ಗೇಮ್ ಬಾಯ್‌ಗೆ ಏಳು ವರ್ಷ, ಯಂತ್ರದ ಲೆಕ್ಕದಲ್ಲಿ ಮುಪ್ಪು. ಪೋಕೆಮಾನ್ ಅದಕ್ಕೆ ಮರುಜೀವ ಕೊಟ್ಟಿತು; ಕಲರ್ ಮಾದರಿಯೂ ಸೇರಿ ಮಾರಾಟ ಸುಮಾರು 11.87 ಕೋಟಿಗೆ ಮುಟ್ಟಿತು. ಮೂಲೆಯಲ್ಲಿದ್ದ ತಂತಿ ಶಾಲೆಯ ಚೀಲ ಸೇರಿತು. ತಂತಿಯಿಂದ ಪೋಕೆಮಾನ್ ಹುಟ್ಟಿತು ನಿಜ, ಆದರೆ ತಂತಿಯನ್ನು ಮಾರಿಸಿದ್ದು ಪೋಕೆಮಾನ್.

ಇನ್ನು ಆ ಬಿಳಿ ರಿಮೋಟಿನ ವಿಷಯ. ಪರಿಕರದ ಪರ ವಾದ ಮಾಡುವವರು ಮೊದಲು ಎತ್ತುವ ಹೆಸರೇ ನಿಂಟೆಂಡೊ ವೀ. 2006ರ ನವೆಂಬರಿನಲ್ಲಿ 249 ಡಾಲರಿಗೆ ಬಂದ ಈ ಯಂತ್ರ ಚಿತ್ರದ ಸ್ಪಷ್ಟತೆಯಲ್ಲಿ ಸೋನಿ, ಮೈಕ್ರೋಸಾಫ್ಟ್‌ಗಳ ಹತ್ತಿರಕ್ಕೂ ಸುಳಿಯುವಂತಿರಲಿಲ್ಲ. ಆದರೆ ರಿಮೋಟ್ ಹಿಡಿದು ಕೈ ಬೀಸಿದರೆ ಪರದೆಯಲ್ಲಿ ಟೆನಿಸ್ ರ‍್ಯಾಕೆಟ್ ಬೀಸುತ್ತಿತ್ತು. ಜನ ಎಷ್ಟು ಹುರುಪಿನಿಂದ ಬೀಸಿದರೆಂದರೆ ರಿಮೋಟ್ ಕೈಜಾರಿ ಟಿವಿಗೇ ಬಡಿದು, ಬಿಡುಗಡೆಯಾದ ಮರು ತಿಂಗಳೇ ಕಂಪನಿ ಮಣಿಕಟ್ಟಿನ ಪಟ್ಟಿಯನ್ನು ದಪ್ಪ ಮಾಡಿ ಪುಕ್ಕಟೆಯಾಗಿ ಬದಲಿಸಿಕೊಡಬೇಕಾಯಿತು. ಜೀವಮಾನದಲ್ಲಿ ಗೇಮ್ ಮುಟ್ಟದ ಅಜ್ಜ ಅಜ್ಜಿಯರು ಅಮೆರಿಕದ ವೃದ್ಧಾಶ್ರಮಗಳಲ್ಲಿ ವೀ ಬೌಲಿಂಗ್ ಪಂದ್ಯ ನಡೆಸಿದರು. ಒಟ್ಟು ಮಾರಾಟ 10.16 ಕೋಟಿ.

ಹಾಗಾದರೆ ಗೆದ್ದದ್ದು ರಿಮೋಟ್ ಅಲ್ಲವೇ? ಅರ್ಧ ಸತ್ಯ. ಆ ಅಜ್ಜಿ ಮೊದಲ ನೋಟಕ್ಕೆ ಮೆಚ್ಚಿದ್ದು ರಿಮೋಟನ್ನಲ್ಲ, ಬೌಲಿಂಗನ್ನು. ರಿಮೋಟಿನ ಜೊತೆಗೆ ‘ವೀ ಸ್ಪೋರ್ಟ್ಸ್’ ಎಂಬ ಗೇಮನ್ನು ಜಪಾನ್ ಬಿಟ್ಟು ಹೆಚ್ಚಿನೆಡೆ ಡಬ್ಬಿಯಲ್ಲೇ ಇಟ್ಟು ಕೊಡಲಾಗಿತ್ತು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಹೇಳಿಕೊಡುವ ಅಗತ್ಯವೇ ಇಲ್ಲ. ಬಟನ್‌ಗಳ ಭಯವನ್ನು ರಿಮೋಟ್ ತೆಗೆಯಿತು, ಆಡಬೇಕೆಂಬ ಆಸೆಯನ್ನು ಗೇಮ್ ಹುಟ್ಟಿಸಿತು. ಇನ್ನೂ ಒಂದು ಸೂಕ್ಷ್ಮವಿದೆ: ಈ ರಿಮೋಟ್ ಅಂಗಡಿಯಲ್ಲಿ ಬೇರೆಯಾಗಿ ಕೊಳ್ಳಬೇಕಾದ ವಸ್ತುವಾಗಿರಲಿಲ್ಲ, ಪ್ರತಿ ಡಬ್ಬಿಯಲ್ಲೂ ಇತ್ತು. ಹಾಗಾಗಿ ಗೇಮ್ ತಯಾರಕರಿಗೆ ಮೇಲಿನ ಗಣಿತ ಅಡ್ಡಬರಲಿಲ್ಲ. ಹೀಗೆ ಕನ್ಸೋಲಿನಲ್ಲಿ ಕರಗಿಹೋದ ಪರಿಕರಗಳೇ ಬಾಳಿಕೆ ಬಂದಿರುವುದು. ಪ್ಲೇಸ್ಟೇಷನ್‌ಗೆ 1997ರಲ್ಲಿ ಪ್ರತ್ಯೇಕವಾಗಿ ಬಂದ ಎರಡು ಕಡ್ಡಿಯ ಕಂಟ್ರೋಲರ್ ಇಂದು ಎಲ್ಲ ಕನ್ಸೋಲಿನ ಸಾಮಾನ್ಯ ಕಂಟ್ರೋಲರ್.

ಮೈಕ್ರೋಸಾಫ್ಟ್ ಈ ಪಾಠವನ್ನು ತಲೆಕೆಳಗಾಗಿ ಓದಿತು. 2010ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಅದು ‘ಕಿನೆಕ್ಟ್’ ತಂದಿತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಕೋಣೆಯ ತುಂಬ ಚೆಲ್ಲಿ, ಆಡುವವರ ಕೈಕಾಲು ಎಲ್ಲಿದೆ ಎಂದು ಲೆಕ್ಕ ಹಾಕುವ ಕ್ಯಾಮೆರಾ. ರಿಮೋಟೂ ಬೇಡ, ದೇಹವೇ ಕಂಟ್ರೋಲರ್. ಮೊದಲ 60 ದಿನಗಳಲ್ಲಿ 80 ಲಕ್ಷ ಹೋಯಿತು. ಅತಿ ವೇಗವಾಗಿ ಮಾರಾಟವಾದ ಗ್ರಾಹಕ ಎಲೆಕ್ಟ್ರಾನಿಕ್ ಸಾಧನ ಎಂದು ಗಿನ್ನೆಸ್ ದಾಖಲಿಸಿತು. ಆದರೆ ಕುಣಿಯುವ, ನೆಗೆಯುವ ಆಟಗಳನ್ನು ಬಿಟ್ಟರೆ ಅದಕ್ಕೆ ತಕ್ಕ ಗೇಮ್‌ಗಳು ಹೆಚ್ಚು ಬರಲಿಲ್ಲ. ಸೋಫಾ ಸರಿಸಿ ಆರಡಿ ಹಿಂದೆ ನಿಲ್ಲಲು ಎಲ್ಲರ ಮನೆಯಲ್ಲೂ ಜಾಗವಿರಲಿಲ್ಲ. ಗೇಮ್ ಆಡುವವರಿಗಿಂತ ರೋಬೋಟ್ ಕಟ್ಟುವ ಸಂಶೋಧಕರೇ ಕಿನೆಕ್ಟನ್ನು ಹೆಚ್ಚು ದಿನ ಬಳಸಿದರು ಎಂದರೆ ತಪ್ಪಾಗಲಾರದು.

ಆ ದಾಖಲೆಯ ನಶೆಯಲ್ಲೇ ಕಂಪನಿ 2013ರ ಎಕ್ಸ್‌ಬಾಕ್ಸ್ ಒನ್‌ಗೆ ಕಿನೆಕ್ಟನ್ನು ಕಡ್ಡಾಯ ಮಾಡಿತು. ಬೆಲೆ 499 ಡಾಲರ್ ಆಯಿತು. ಎದುರಿಗಿದ್ದ ಪ್ಲೇಸ್ಟೇಷನ್ 4ಕ್ಕೆ 399. ಮನೆಯೊಳಗೆ ಸದಾ ನೋಡುವ, ಕೇಳುವ ಸಾಧನವೊಂದನ್ನು ಇಟ್ಟುಕೊಳ್ಳಬೇಕೇ ಎಂಬ ಅನುಮಾನವೂ ಸೇರಿತು. ಮರುವರ್ಷ ಜೂನಿನಲ್ಲಿ ಕಿನೆಕ್ಟ್ ಇಲ್ಲದ 399 ಡಾಲರಿನ ಮಾದರಿ ಬಂದ ತಿಂಗಳೇ ಅಮೆರಿಕದಲ್ಲಿ ಮಾರಾಟ ಮೇ ತಿಂಗಳಿಗಿಂತ ಎರಡು ಪಟ್ಟು ದಾಟಿತು. ಜನ ದುಡ್ಡು ಕೊಟ್ಟದ್ದು ಪರಿಕರ ಸಿಕ್ಕಿತೆಂದಲ್ಲ, ಪರಿಕರ ತಪ್ಪಿತೆಂದು! ಆದರೆ ಹೊತ್ತು ಮೀರಿತ್ತು. ಆ ತಲೆಮಾರಿನಲ್ಲಿ ಸೋನಿ ತನಗಿಂತ ಎರಡು ಪಟ್ಟಿಗೂ ಹೆಚ್ಚು ಕನ್ಸೋಲ್ ಮಾರಿತು ಎಂದು ಮೈಕ್ರೋಸಾಫ್ಟೇ 2022ರಲ್ಲಿ ಬ್ರೆಜಿಲಿನ ನಿಯಂತ್ರಣ ಸಂಸ್ಥೆಗೆ ಬರೆದುಕೊಟ್ಟಿತು.

ಪರಿಕರ ಕನ್ಸೋಲನ್ನು ಎತ್ತುವುದು ಅಪರೂಪ, ಮುಳುಗಿಸುವುದು ಮಾತ್ರ ಸುಲಭ ಎನ್ನಲು ಸಾಕ್ಷಿ ಇನ್ನೂ ಇದೆ. ಸೋನಿಯ ‘ವೀಟಾ’ ಎಂಬ ಕೈಯಂತ್ರ 2012ರ ಆರಂಭದಲ್ಲಿ ಅಮೆರಿಕಕ್ಕೆ 249 ಡಾಲರಿಗೆ ಬಂತು. ಒಳಗೆ ಮೆಮೊರಿಯೇ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಕಾರ್ಡೂ ಹಿಡಿಸದು. ಸೋನಿಯೇ ಮಾರುವ 32 ಜಿಬಿ ಕಾರ್ಡ್‌ಗೆ 99.99 ಡಾಲರ್! ಬೆರಳಿನ ಉಗುರಷ್ಟು ಅಗಲದ ಒಂದು ಚೂರು ಯಂತ್ರದ ಬೆಲೆಯನ್ನು ಶೇ 40ರಷ್ಟು ಏರಿಸಿತು. ಒಳ್ಳೆಯ ಪರದೆ, ಒಳ್ಳೆಯ ಹಿಡಿತ ಇದ್ದೂ ವೀಟಾ ಚೇತರಿಸಿಕೊಳ್ಳಲಿಲ್ಲ.

ಗೇಮ್ ಒಂದಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಒಂದು ತೊಡಕಿದೆ, ಅದರ ಹೆಸರು ವೀ ಯು. 2012ರಲ್ಲಿ ನಿಂಟೆಂಡೊ ತಂದ ಈ ಕನ್ಸೋಲಿನ ಕಂಟ್ರೋಲರಿಗೆ ಟ್ಯಾಬ್ಲೆಟ್ಟಿನಂಥ ಪರದೆ ಇತ್ತು. ಅದನ್ನು ಕಂಡ ಎಷ್ಟೋ ಜನ ಇದು ಹಳೆಯ ವೀಗೆ ಬಂದ ಇನ್ನೊಂದು ಪರಿಕರ ಎಂದುಕೊಂಡರು. ಹೆಸರೂ ಹಾಗೆಯೇ ಇತ್ತಲ್ಲ! 2014ರಲ್ಲಿ ‘ಮಾರಿಯೊ ಕಾರ್ಟ್ 8’ ಎಂಬ ಸೊಗಸಾದ ರೇಸಿಂಗ್ ಗೇಮ್ ಬಂತು. ವೀ ಯು ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕೊಂಡರು. ಆದರೂ ಯಂತ್ರ ಸುಮಾರು 1.36 ಕೋಟಿಯಲ್ಲೇ ನಿಂತಿತು. ಅದೇ ಗೇಮ್ ಸ್ವಲ್ಪ ತಿದ್ದಿಕೊಂಡು ಸ್ವಿಚ್‌ಗೆ ಬಂದಾಗ 6 ಕೋಟಿ ಪ್ರತಿ ದಾಟಿತು. ಒಂದೇ ಆಟ, ಎರಡು ಹಣೆಬರಹ. ಕೊಳ್ಳಬೇಕಾದದ್ದು ಏನೆಂದೇ ಗಿರಾಕಿಗೆ ತಿಳಿಯದಿದ್ದರೆ ಆಟ ಎಷ್ಟೇ ಚೆನ್ನಾಗಿದ್ದರೂ ಅವನ ಬಳಿಗೆ ತಲುಪುವುದೇ ಇಲ್ಲ.

ಭಾರತದ ಮಟ್ಟಿಗೆ ಸೋನಿ ಆಟದ ಮೇಲೆಯೇ ಪಣ ಹೂಡಿ ನೋಡಿತ್ತು. 2009ರಲ್ಲಿ ಹೈದರಾಬಾದಿನ ಗೇಮ್‌ಶಾಸ್ತ್ರ ತಯಾರಿಸಿದ ‘ದೇಸಿ ಅಡ್ಡಾ’ದಲ್ಲಿ ಚಿನ್ನಿದಾಂಡು, ಕಬಡ್ಡಿ, ಗಾಳಿಪಟದ ಕಾಳಗ ಇದ್ದವು. ಅದೇ ವರ್ಷ ಹೈದರಾಬಾದಿನಿಂದಲೇ ಪ್ಲೇಸ್ಟೇಷನ್ 2ಕ್ಕೆ ಹನುಮಂತನ ಗೇಮೂ ಬಂತು. ಲೆಕ್ಕಾಚಾರ ಸರಿಯಿತ್ತು, ಕೆಲಸದಲ್ಲಿ ಆ ಮಟ್ಟ ಬರಲಿಲ್ಲ. ಬೆಂಗಳೂರಿನ ಹುಡುಗರು ನ್ಯಾಷನಲ್ ಮಾರ್ಕೆಟ್ಟಿನ ಮಳಿಗೆಗಳಲ್ಲಿ ಹುಡುಕುತ್ತಿದ್ದದ್ದು ‘ಜಿಟಿಎ’ ಮತ್ತು ಫುಟ್‌ಬಾಲ್ ಡಿಸ್ಕುಗಳನ್ನು.

ಆ ಜಿಟಿಎಯ ಹೊಸ ಕಂತಿನ ಮೇಲೆಯೇ ಈಗ ಕನ್ಸೋಲ್ ಉದ್ಯಮದ ಕಣ್ಣು. ಹಿಂದಿನ ‘ಜಿಟಿಎ 5’ 2013ರಿಂದ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಆರನೆಯದಕ್ಕೆ ರಾಕ್‌ಸ್ಟಾರ್ ಕಂಪನಿ ಎರಡು ಸಲ ದಿನಾಂಕ ಮುಂದೂಡಿ 2026ರ ನವೆಂಬರ್ 19 ಎಂದು ಘೋಷಿಸಿತು. ಆ ರಾಕ್‌ಸ್ಟಾರಿನ ದೊಡ್ಡ ಸ್ಟುಡಿಯೊಗಳಲ್ಲೊಂದು ಬೆಂಗಳೂರಿನಲ್ಲಿದೆ.  ಘೋಷಣೆಯ ಪ್ರಕಾರ ಹೊಸ ಜಿಟಿಎ ಬರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಮಾತ್ರ. ಹಳೆಯ ಪ್ಲೇಸ್ಟೇಷನ್ 4ಕ್ಕೆ ಇಲ್ಲ. 2024ರ ಮಧ್ಯದಲ್ಲಿ ಸೋನಿ ಕೊಟ್ಟ ಅಂಕಿಅಂಶದಲ್ಲಿ ಪ್ಲೇಸ್ಟೇಷನ್ ಬಳಸುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇನ್ನೂ ಆ ಹಳೆಯ ಯಂತ್ರದಲ್ಲೇ ಇದ್ದರು. ‘ಫೋರ್ಟ್‌ನೈಟ್’, ಫುಟ್‌ಬಾಲ್ ಎಂದು ಅವರಿಗೆ ಬೇಕಾದ ಆಟಗಳೆಲ್ಲ ಅದರಲ್ಲೇ ಓಡುತ್ತಿದ್ದುದರಿಂದ ಹೊಸದಕ್ಕೆ ದುಡ್ಡು ಸುರಿಯುವ ಜರೂರು ಅವರಿಗೆ ಬಂದಿರಲಿಲ್ಲ. ಸೋನಿಯಾಗಲಿ ಮೈಕ್ರೋಸಾಫ್ಟಾಗಲಿ ಯಾವ ಹೊಸ ಕನ್ನಡಕ, ಕೈಗವಸು ತೋರಿಸಿಯೂ ಅವರನ್ನು ಅಲ್ಲಾಡಿಸಲು ಆಗಿರಲಿಲ್ಲ.